ಹಾಲಪ್ಪ ಎರಡ ಸಲ ಸತ್ತ ಸುದ್ದಿ

೪ ಏಪ್ರಿಲ್ ೨೦೦೨, ಗುರುವಾರ, ಹ್ಯಾಂಬರ್ಗ್

ಇವತ್ತ ಮುಂಜಾನೆ ನಾ ಸತ್ತೆ.

ಎರಡನೇ ಮಜಲಿನ ಪಾವಟಗಿ ಮ್ಯಾಲ, ಒಂದ ಕೈಯಾಗ ಹಾಲಿನ ಡಬ್ಬಿ, ಇನ್ನೊಂದು ಎದಿ ಮ್ಯಾಲ. "ಜಯಾ..." ಅಂತ ಮಗಳ ಹೆಸರ ಒಮ್ಮೆ ಕೂಗಿ, ಗ್ವಾಡಿಗೆ ಬೆನ್ನ ತಿಕ್ಕಿಕೋತ ಕೆಳಗ ಜಾರಿ, ಕಣ್ಣ ಮ್ಯಾಲ ಮಾಡಿ, ಹೋದೆ.

ಸುಳ್ಳು. ಡೈರಿ, ನೀ ಗಾಬರಿ ಆಗಬ್ಯಾಡ. ಸತ್ತಾಂವ ಪೆನ್ನ ಹಿಡದು ಕುಂದರತಾನನು? ಇಪ್ಪತ್ತೆಂಟ ವರ್ಷ ನಾಟಕ ಕಂಪನಿಯೊಳಗ ಖಳನಾಯಕ ಆಗಿ ದಿನಾ ರಾತ್ರಿ ಸತ್ತಾಂವ ನಾನು, ಗದಗಿನ ಸಿದ್ದರಾಮಪ್ಪ. ಸಾಯೂದು ನನ್ನ ಕಸಬು. ಇಲ್ಲಿ ಬಂದು ಹತ್ತ ದಿನಾತು, ಈ ಕಟ್ಟಡದಾಗ ಒಬ್ಬರ ಬಾಗಲಾನೂ ತೆರದದ್ದ ನಾ ನೋಡಿಲ್ಲ. "ಗುಟೆನ್ ಟಾಗ್" ಅಂತಾರ, ಪಾವಟಗಿ ಇಳೀತಾರ. ಗೂಟಾ ತಗದಂಗ ಒಂದ ಮಾತು, ಮುಗೀತು. ಬಾಗಲಾ ತೆರಸಬೇಕಂತ ಸತ್ತೆ.

ತೆರದ್ವು! ಜಯಾ "ಯಪ್ಪಾ!" ಅಂತ ಚೀರಿಕೋತ ಬಂದ್ಲು. ಕೆಳಗಿನ ಮನಿ ಮುದುಕಿ ಆಂಬುಲೆನ್ಸಿಗೆ ಫೋನ್ ಹೊಡದ್ಲು. ಎದರ ಮನಿಯಿಂದ ಒಬ್ಬ ಉದ್ದನ್ನ ಬಿಳೇ ಮುದುಕ ಹೊರಗ ಬಂದ. ಹಣಿ ಮ್ಯಾಲ ಚಷ್ಮಾ, ಕೈಯಾಗ ಕಾಫಿ. ಓಡಿ ಬರಲಿಲ್ಲ, ಕೂಗಲಿಲ್ಲ. ಬಾಗಲಕ್ಕ ಆನಿಕೊಂಡು ಪೂರ್ತಿ ನೋಡಿದ. ಕಾಫಿ ಗುಟುಕರಿಸಿ ಇಂಗ್ಲಿಷಿನ್ಯಾಗ ಅಂದ: "ಚಲೋ ಐತಿ. ಸ್ವಲ್ಪ ಉದ್ದಾತು. ಮತ್ತ ಆ ಎಡಗೈ ನೋಡು ಮಾರಾಯಾ, ಸತ್ತಾಂವ ಧೋತರಾ ಸರಿ ಮಾಡಿಕೊಳ್ಳೂದಿಲ್ಲ."

ನಕ್ಕ ಬಿಟ್ಟೆ. ನಗೂ ಹೊತ್ತಿಗೆ ಸರಿಯಾಗಿ ಆಂಬುಲೆನ್ಸಿನ ಹುಡುಗರು ಪಾವಟಗಿ ಹತ್ತಿ ಬಂದ್ರು.

ಅಳಿಯ ಬಸವಪ್ರಸಾದ ಆಫೀಸಿನಿಂದ ಓಡಿ ಬಂದು ಎಲ್ಲಾರ ಮುಂದೂ ಕ್ಷಮಾ ಕೇಳಿದ. ಆಮ್ಯಾಲ ನನ್ನ ಕಡೆ ತಿರುಗಿ, "ಮಾವಾರ, ಇದು ಜರ್ಮನಿ ಐತ್ರಿ" ಅಂದ.

"ಗೊತ್ತೈತಿ ತಮ್ಮಾ, ಏರ್‌ಪೋರ್ಟಿನ್ಯಾಗ ಬೋರ್ಡ್ ಓದೀನಿ" ಅಂದೆ. ನಗಲಿಲ್ಲ ಅಂವಾ.

೫ ಏಪ್ರಿಲ್

ಮಳಿ. ಈ ಊರಿಗೆ "ಹಾಂ, ಬರ್ರಿ" ಅಂತ ಹೆಸರಿಟ್ಟಾರ, ಬಂದ ಮ್ಯಾಲ ಹೊರಗ ಬಿಡೂದಿಲ್ಲ. ಅಳಿಯ ಕಂಪ್ಯೂಟರಿನ ಮುಂದ, ಜಯಾ ಭಾಷಾ ಕ್ಲಾಸಿನ್ಯಾಗ, ಮೊಮ್ಮಗಳು ಕೀರ್ತಿ ಸಾಲ್ಯಾಗ. ನಾ ಸೋಫಾದ ಮ್ಯಾಲ, ಯಾರೋ ಮರತ ಬಿಟ್ಟ ಕೊಡಿಯಂಗ.

ಮಧ್ಯಾಹ್ನ ಅಳಿಯನ ದನಿ ತಗದು "ಜಯಾ, ಚಹಾ ಮಾಡ್ತೀ?" ಅಂದೆ. "ಹಾಂ ರೀ" ಅಂತ ಪಾತೇಲಿ ಇಟ್ಟ ಮ್ಯಾಲ ನೆನಪಾತು ಅಕಿಗೆ, ಗಂಡ ಆಫೀಸಿನ್ಯಾಗ ಅದಾನಂತ. ಲಟ್ಟಣಗಿ ಹಿಡಕೊಂಡ ಬಂದ್ಲು.

ರಾತ್ರಿ ಊಟದಾಗ ಅಂದೆ: "ಬಸವ ಜಯಂತಿಗೆ ನಾ ಊರಾಗ ಇರಬೇಕಪಾ. ಜೂನ್ ತನಕ ಆಗೂದಿಲ್ಲ." ಅಳಿಯ ಕೈ ತೊಳಕೊಂಡು ಸೀದಾ ಫೋನಿಗೆ ಹೋದ. ಟಿಕೀಟು ಜೂನ್ ಇಪ್ಪತ್ತರಿಂದ ಮೇ ಹನ್ನೆರಡಕ್ಕ ಬಂತು. ಇಷ್ಟ ಲಗೂನ ಅಂವಾ ಯಾವ ಕೆಲಸಾ ಮಾಡಿದ್ದೂ ನಾ ನೋಡಿಲ್ಲ.

ಗೌರಕ್ಕಗ ಫೋನ್ ಮಾಡಿ, ಲಗೂನ ಬರತೀನಿ ಅಂದೆ. "ಯಾಕ ಅವಸರಾ? ಇಲ್ಲಿ ಮನಿ ಸುಮ್ಮಗ ಐತಿ, ಹತ್ತ ದಿನಾತು ನನಗ ತಲಿಶೂಲಿ ಇಲ್ಲ" ಅಂದ್ಲು. ಇದು ಹೆಂಡತಿ ಮಾತನು?

೯ ಏಪ್ರಿಲ್

ಎದರ ಮನಿ ಮುದುಕ ಕರದ. ಹಾಲಿಸ್ ಪ್ರಿಂಗಲ್. ಅಮೇರಿಕಾದಾಂವ. ಅಂವಾ ಏನ ಕೆಲಸಾ ಮಾಡ್ತಿದ್ದ ಅಂತಿ? ಡೈರಿ, ಕುಂತ ಕೇಳು: ಅಂವಾನೂ ಸಾಯೂ ಕೆಲಸಾನ ಮಾಡ್ತಿದ್ದ!

ನನ್ನ ಇಂಗ್ಲಿಷ್ ಕುಂಟತೈತಿ. ಅಂವಾ ನನ್ನ ಸಲುವಾಗಿ ಸಾವಕಾಶ ಮಾತಾಡತಾನ. ಅವರ ದೇಶದಾಗೂ ಟೆಂಟ್ ಹೊಡದು ಊರೂರಿಗೆ ನಾಟಕ ಒಯ್ತಿದ್ರಂತ. ಹದಿನೇಳನೇ ವಯಸ್ಸಿನ್ಯಾಗ ಟೆಂಟಿನ ಗೂಟಾ ಬಡ್ಯಾಕ ಹೋದಾಂವ, ಮುದುಕನ ಪಾರ್ಟಿನಾಂವಗ ಜ್ವರಾ ಬಂತಂತ ಗಡ್ಡ ಹಚ್ಚಿಕೊಂಡ. ಅಲ್ಲಿಂದ ಸಿನಿಮಾ. ಕುದರಿ ಮ್ಯಾಲಿಂದ ಗುಂಡ ತಿಂದು ಬಿದ್ದ. ಜಜ್ಜ ಆದ, ಪಾದ್ರಿ ಆದ, ಕಳ್ಳ ಆದ, ಟಿವಿಯಾಗ ಡಾಕ್ಟರ್ ಆದ. ಒಂದ ಲಡಾಯಿ ಸಿನಿಮಾದಾಗ ಸಾಯಾಕಂತ ಜರ್ಮನಿಗೆ ಬಂದು, ಸತ್ತು, ಎದ್ದು, ಇಲ್ಲಿಯ ಹೆಣಮಗಳನ್ನ ಲಗ್ನಾ ಆಗಿ ಉಳಕೊಂಡ. ಹೇಣ್ತಿ ತೀರಿಕೊಂಡು ಆರ ವರ್ಷ ಆತು. ಈಗ ಇಲ್ಲಿ ಒಂದ ಸಣ್ಣ ಇಂಗ್ಲಿಷ್ ಥಿಯೇಟರಿನ್ಯಾಗ ಪಾರ್ಟ್ ಮಾಡತಾನ.

"ಸಿನಿಮಾದಾಗ ತುಕಡಿ ತುಕಡಿ ಸಾಯಬೇಕು" ಅಂದ. "ಸೋಮವಾರ ಮುಖ ಸಾಯತೈತಿ, ಗುರುವಾರ ಕಾಲು. ಟಿವಿಯಾಗ ಜಾಹೀರಾತ ಬರೂದ್ರಾಗ ಸಾಯಬೇಕು. ಪೂರ್ತಿ ಸಾಯೂದಂದ್ರ ಸ್ಟೇಜ್ ಮ್ಯಾಲ ಅಷ್ಟ. ಆದ್ರ ನನಗ ಯಾರೂ ಒಂದ ಚಲೋ ಸಾವು ಕೊಡಲೇ ಇಲ್ಲ ಸಿದ್ದು. ನಾ ಬೀಳೂದು, ಕ್ಯಾಮೆರಾ ಹೀರೋನ ಕಡೆ ತಿರುಗೂದು."

ಹಾಲಿಸ್ ಅನ್ನೂದು ಬಾಯಿಗೆ ಹಿಡಸಲಿಲ್ಲ. ಹಾಲಪ್ಪ ಅಂತ ಇಟ್ಟೀನಿ. ಓ ಅಂತಾನ.

೧೫ ಏಪ್ರಿಲ್

ಹಾಲಪ್ಪ ಇವತ್ತ ಮೋತಿ ಸಣ್ಣ ಮಾಡಿಕೊಂಡ ಕುಂತಿದ್ದ.

ಮೇ ಹದಿನೇಳಕ್ಕ ಹೊಸಾ ನಾಟಕ. ಹೊಳಿ ದಾಟಸೂ ಫೆರಿ ನಡಸೂ ಮುದುಕ ಕ್ಯಾಪ್ಟನ್ನಿಂದು. ಕ್ಯಾಪ್ಟನ್ ಪಾರ್ಟ್ ಹಾಲಪ್ಪಗ, ಜೀವಮಾನದಾಗ ಮೊದಲನೇ ಸಲ ನಾಯಕ. ಇದ ಕಡೀ ನಾಟಕ ಅಂತ ಅಂವಾ ಮೊದಲ ಹೇಳಿಬಿಟ್ಟಾನ. ಎರಡನೇ ಅಂಕದ ಕೊನಿಗೆ ಕ್ಯಾಪ್ಟನ್ ಹಡಗದ ಮ್ಯಾಲ ನಿಂತಲ್ಲೇ ಬಿದ್ದು ಸಾಯಬೇಕು. ಹಾಲಪ್ಪನ ಮೊಣಕಾಲ ನೆಟ್ಟಗಿಲ್ಲ. ಡೈರೆಕ್ಟರ್ ಹುಡುಗಿ ಉಟೆ, ಅಂವಾ ಬಿದ್ದು ಎಲುಬ ಮುರಕೊಂಡ್ರ ಹೆಂಗಂತ ಹೆದರಿ ಸೀನ್ ಬದಲಿ ಮಾಡ್ಯಾಳ. ಕ್ಯಾಪ್ಟನ್ ಹೊರಗ ಹೋಗತಾನ, ಟೆಲಿಫೋನ್ ಬಡಕೋತೈತಿ, ಮಗಳ ಪಾರ್ಟಿನಾಕಿ ಎತ್ತಿ "ಅಪ್ಪ ಹೋದನಾ?" ಅಂತಾಳ. ಪಡದೆ.

"ಐವತ್ತ ವರ್ಷ ಸತ್ತೀನಿ ಸಿದ್ದು. ಕಡೀಕ ಫೋನಿನ್ಯಾಗ ಸಾಯಲೇನು?"

ನನಗ ಸಿಟ್ಟ ಬಂತು. ಎದ್ದ ನಿಂತೆ, "ನೋಡಿಲ್ಲೆ" ಅಂದೆ, ಅವನ ಕಾರ್ಪೆಟ್ ಮ್ಯಾಲ ಬಿದ್ದೆ. ಸಪ್ಪಳ ಆಗಲಿಲ್ಲ. ಎದ್ದೆ, ಮತ್ತ ಬಿದ್ದೆ. ಎಪ್ಪತ್ತೊಂದ ವಯಸ್ಸು ನನಗ, ಅವನಕಿಂತ ಎರಡ ವರ್ಷ ದೊಡ್ಡಾಂವ. ಹಾಲಪ್ಪನ ಚಷ್ಮಾ ಹಣಿಯಿಂದ ಜಾರಿ ಮೂಗಿಗೆ ಬಂತು. "ಇದನ್ನ ಕಲಸ್ತೀ?" ಅಂದ.

ಆದ್ರ ಆ ನಾಟಕ ನೋಡಾಕ ನಾ ಇರೂದಿಲ್ಲ. ಮೇ ಹನ್ನೆರಡಕ್ಕ ವಿಮಾನ. ಇರಲಿ, ಕಲಿಸಿಯಾರ ಹೋಗೋಣ.

೧೮ ಏಪ್ರಿಲ್

ಬೀಳೂದಂದ್ರ ಬೀಳೂದಲ್ಲ. ಬಿಡೂದು. ಮೊದಲ ಉಸರ ಬಿಡಬೇಕು, ಆಮ್ಯಾಲ ಮೊಣಕಾಲ ಬಿಡಬೇಕು, ತೊಡಿ ಮ್ಯಾಲ ಕುಂತಂಗ ಇಳದು, ಸೊಂಟ, ಹೆಗಲ, ಎಲ್ಲಾ ಆದ ಮ್ಯಾಲ ತಲಿ. ಹೆದರಿ ಕೈ ಊರಿದ್ರ ಮಣಿಕಟ್ಟ ಹೋತು. ಇಲ್ಲಿ ಮಂದಿ ಎಲ್ಲಾದಕ್ಕೂ "ಬಿಟ್ಟೆ, ಬಿಟ್ಟೆ" ಅಂತಾರ, ದಯವಿಟ್ಟು ಅಂತ ಅರ್ಥ ಅಂತ. ಏನೂ ಬಿಡೂದಿಲ್ಲ ಮತ್ತ. ನಾ ಹಾಲಪ್ಪಗ ಅಂದೆ: ನಮ್ಮ ಭಾಷಾದಾಗ ಬಿಟ್ಟೆ ಅಂದ್ರ ನಿಜವಾಗಿ ಬಿಡೂದು. ಮನಸಿನ್ಯಾಗ ಬಿಟ್ಟೆ ಅನ್ನು, ಬೀಳು.

ಮೊದಲ ಸಲ ಒಂಟಿ ಕುಂತಂಗ ಕುಂತ. ಐದನೇ ಸಲಕ್ಕ ಅರ್ಧಾ ಸತ್ತ.

ಕೀರ್ತಿ ಸಾಲಿಯಿಂದ ಬಂದು ಬಾಗಲದಾಗ ನಿಂತ ನೋಡಿ ಕೈ ಚಪ್ಪಾಳೆ ಬಡದು "ನೊಖ್‌ಮಾಲ್! ನೊಖ್‌ಮಾಲ್!" ಅಂತ ಕುಣದ್ಲು. ನನ್ನ ಜೋಡಿ ಎಂಟ ಮಾತಿಗೆ ಏಳು "ನೈನ್", ಅಂದ್ರ ಇಲ್ಲ, ಅನ್ನೂ ಹುಡುಗಿ. ಏನದು ಅಂದೆ. "ಇನ್ನೊಮ್ಮೆ ಅಂತ, ಅಜ್ಜಾ."

ನಾ ಹಾಲಪ್ಪಗ ಹೇಳಿದೆ, ನಮ್ಮ ಕಡೆ ಇದಕ್ಕ ಒನ್ಸ್ ಮೋರ್ ಅಂತಾರ ಅಂತ. ಸಾವು ಚಲೋ ಆದ್ರ ಮಂದಿ ಒನ್ಸ್ ಮೋರ್ ಕೂಗ್ತಾರ. ಕೂಗಿದ್ರ ಸತ್ತಾಂವ ಏಳಬೇಕು, ಅಂಗಿ ಝಾಡಿಸಿಕೊಂಡು ಮತ್ತ ಸಾಯಬೇಕು. ಜಮಖಂಡಿ ಕ್ಯಾಂಪಿನ್ಯಾಗ ಮೂರ ಸಲ ಎಬ್ಬಿಸಿದ್ರು. ಕತ್ತಿ ಹಿಡದ ನಾಯಕಿ ಪಾರ್ಟಿನ ನೀಲವ್ವ ಕೊನಿಗೆ ಬಗ್ಗಿ ಕಿವಿಯಾಗ ಅಂದ್ಲು: "ಮಾಮಾ, ಈಗರೆ ಸಾಯಿ, ಒಳಗ ನನ್ನ ಕೂಸು ಅಳಾಕತ್ತೈತಿ."

ಹಾಲಪ್ಪ ನಕ್ಕು ನಕ್ಕು ಕೆಮ್ಮಿದ. "ಎದ್ದು ಬಂದು ಮತ್ತ ಸಾಯಿ ಅಂತ ಕೇಳ್ತಾರಾ? ಎಂಥಾ ಚಂದ ಮಂದಿ" ಅಂದ.

೨೨ ಏಪ್ರಿಲ್

ಕೆಳಗಿನ ಮುದುಕಿ ದೂರ ಕೊಟ್ಟಾಳ. ಮಧ್ಯಾಹ್ನ ಒಂದರಿಂದ ಮೂರು ಸಪ್ಪಳ ಮಾಡಂಗಿಲ್ಲಂತ. ಈ ದೇಶದಾಗ ಸಾಯಾಕೂ ಟೈಮ್ ಟೇಬಲ್. ನೆಲಮಾಳಿಗಿಯ ಬಟ್ಟಿ ಒಗಿಯೂ ಖೋಲಿಗೆ ಹೋದ್ವಿ. ರಸ್ತಾದ ಮ್ಯಾಲ ಯಾರೋ ಇಟ್ಟ ಹಳೇ ಗಾದಿ ಹೊತ್ತು ತಂದ್ವಿ.

ಇಬ್ಬರೂ ಕೂಡಿ ಬಿದ್ದು, ಯಾರ ಉಸರ ಜಾಸ್ತಿ ಹಿಡೀತಾರ ಅಂತ ಪಣಾ ಕಟ್ಟಿ ಮಲಗಿದ್ವಿ. ಹೌಸ್‌ಮೈಸ್ಟರ್ ಬಂದ. ಕಟ್ಟಡದ ಉಸ್ತುವಾರಿಯಾಂವ, ನಾ ಹೌಸ್ ಮಾಸ್ತರ ಅಂತೀನಿ. ಎರಡ ಹೆಣಾ ನೋಡಿದ. ಅವನ ಕೈಯಾನ ಕೀಲಿ ಗೊಂಚಲಾ ಬಿದ್ದ ಸಪ್ಪಳ ಕೇಳಿಸ್ತು. ಹಾಲಪ್ಪ ಒಂದ ಕಣ್ಣ ತೆರದು ಜರ್ಮನ್‌ದಾಗ "ತಾಲೀಮು" ಅಂದ.

ಪಣಾ ನಾ ಗೆದ್ದೆ.

೨೬ ಏಪ್ರಿಲ್

ವಿಮಾನದವರದು ಏನೋ ಗೊಂದಲ. ನನ್ನ ಟಿಕೀಟು ಮತ್ತ ಜೂನ್ ಇಪ್ಪತ್ತಕ್ಕ ಹೋಗೇತಿ. ವಿಮಾನದವರು ಕಳಿಸಿದ ಈಮೇಲ್ ನೋಡಿ ಅಳಿಯ ತಲಿ ತುರಿಸಿಕೊಂಡ. "ನಾ ಏನೂ ಹೇಳಿಲ್ಲಲಾ ಇವರಿಗೆ!" ಮೇ ತಿಂಗಳ ಜಾಗಾ ಎಲ್ಲಾ ಭರ್ತಿ ಆಗ್ಯಾವಂತ.

"ಛೇ, ಎಂಥಾ ಮಂದಿ. ಬಸವ ಜಯಂತಿ ತಪ್ಪಿಸಿದ್ರಲ್ಲ" ಅಂತ ನಾನೂ ಬೈದೆ. ನಾ ಬೈಯೂದು ಚಲೋ ಬೈತೀನಿ.

ಗೌರಕ್ಕ ಫೋನಿನ್ಯಾಗ "ವಿಮಾನದವರು ಮಾಡಿದ್ರಾ? ಹೌದು ಬಿಡ್ರಿ" ಅಂದ್ಲು. ಅಕಿ "ಹೌದು ಬಿಡ್ರಿ" ಅನ್ನೂ ರೀತಿ ನನಗ ಸೇರೂದಿಲ್ಲ.

೩೦ ಏಪ್ರಿಲ್

ಹಾಲಪ್ಪ ಇವತ್ತ ತಾಲೀಮಿನ್ಯಾಗ ಎಲ್ಲಾರ ಮುಂದ ಬಿದ್ದ ತೋರಸಾಕ ಹೋಗಿ, ಹೆದರಿ ಕೈ ಊರಿದ. ಮಣಿಕಟ್ಟ ಬಾತೈತಿ. ಉಟೆ ಅಂದಳಂತ: ಫೋನಿನ ಸೀನ್ ಸಾಕು. ಇಂವಾನೂ ಹೂಂ ಅಂದ ಬಂದಾನ.

ಬಾಗಲಾ ಬಡದೆ. ತೆರೀಲಿಲ್ಲ.

೨ ಮೇ

ಇವತ್ತೂ ತೆರೀಲಿಲ್ಲ.

ಪಾವಟಗಿ ಮ್ಯಾಲ ಮತ್ತ ಸಾಯೋಣು ಅಂತ ಅನಸ್ತು. ಸಾಯಲಿಲ್ಲ. ಬಾಗಲದ ಮುಂದ ಕುಂತು, ಕಂಪನಿಯೊಳಗ ನಾ ಮೊದಲನೇ ಸಲ ಸತ್ತ ಕತಿ ಹೇಳಾಕ ಸುರು ಮಾಡಿದೆ. ಮುಚ್ಚಿದ ಬಾಗಲಕ್ಕ, ಕನ್ನಡದಾಗ. ಇಂಗ್ಲಿಷ್ ಹುಡಕೂವಷ್ಟು ತಾಳ್ಮಿ ಇರಲಿಲ್ಲ. ಸತ್ತ ಮ್ಯಾಲ ಮೂಗ ಕಡದು ಸೀನಿದ್ದು, ಕಂಪನಿ ಮಾಲಕ ದ್ವಾರಕನಾಥ ಸ್ಟೇಜಿನ ಬಾಜೂಕ, ವಿಂಗಿನ್ಯಾಗ, ಚಪ್ಪಲಿ ಹಿಡಕೊಂಡು ಕಾದದ್ದು. ಅಳಿಯ ಆಫೀಸಿನಿಂದ ಬಂದಾಂವ ಬ್ಯಾಗ್ ಹಿಡಕೊಂಡು ಕೆಳಗಿನ ಪಾವಟಗಿ ಮ್ಯಾಲ ಕೇಳಿಕೋತ ನಿಂತಿದ್ದ, ನಾ ನೋಡಿರಲಿಲ್ಲ. "ಮಾವಾರ, ಇದು..." ಅಂದ. ಜರ್ಮನಿ ಐತ್ರಿ ಅಂತಾನಂತ ಕಾದೆ. "...ಮುಂದ ಏನಾತ್ರಿ?" ಅಂದ.

ಆವಾಗ ಬಾಗಲಾ ತೆರೀತು. ಹಾಲಪ್ಪನೂ ಅದನ್ನ ಕೇಳಿದ, ಇಂಗ್ಲಿಷಿನ್ಯಾಗ. ತಿಳೀಲಾರದ ಭಾಷಾದ ಕತಿ ಅರ್ಧಕ್ಕ ನಿಂತ್ರೂ ಮನಷ್ಯಾಗ ತಡ್ಯಾಕ ಆಗೂದಿಲ್ಲ ನೋಡು.

೮ ಮೇ

ಹಾಲಪ್ಪ ನನ್ನ ಥಿಯೇಟರಿಗೆ ಕರಕೊಂಡು ಹೋಗಿದ್ದ. ಉಟೆ ನೋಡಿದ್ರ ನಮ್ಮ ಜಯಾನ ವಯಸ್ಸು, ಕೂದಲ ಹುಡುಗರಂಗ. "ಇವನ ಏನು ನಿನ್ನ ಗುರು?" ಅಂದ್ಲು. ನಾ ಸ್ಟೇಜಿನ ಹಲಗಿ ಮ್ಯಾಲ ಬಿದ್ದ ತೋರಿಸಿದೆ. ಆಮ್ಯಾಲ ಹಾಲಪ್ಪ ಹೋಗಿ ನಿಂತ. ಉಸರ ಬಿಟ್ಟ. ಬಾಯಿ "ಬಿಟ್ಟೆ" ಅಂದದ್ದ ನನಗ ಕಾಣಿಸ್ತು. ಬಿದ್ದ. ಒಣಾ ಎಲಿ ಬಿದ್ದಂಗ ಬಿದ್ದ.

ಉಟೆ ಭಾಳ ಹೊತ್ತ ಪೆನ್ಸಿಲ್ ಕಡದ್ಲು. ಆತು ಅಂದ್ಲು, ಒಂದ ಕರಾರಿನ ಮ್ಯಾಲ: ದೀಪ ಆರಿದ ಮ್ಯಾಲ ಅಂವಗ ಕೈ ಕೊಟ್ಟು ಎಬ್ಬಿಸಾಕ ನಾ ದಿನಾ ವಿಂಗಿನ್ಯಾಗ ನಿಂದರಬೇಕು.

ಇಪ್ಪತ್ತ ವರ್ಷ ಆಗಿತ್ತು ನಾ ವಿಂಗಿನ್ಯಾಗ ನಿಂತು. ಹಗ್ಗಾ, ಧೂಳ, ಬಣ್ಣಾ. ಆ ವಾಸನಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ.

೧೫ ಮೇ

ತಾಲೀಮ ಮುಗಿಸಿ ಎಲ್ಬ ಹೊಳಿ ಫೆರಿಯಾಗ ಹಾಲಪ್ಪನ ಜೋಡಿ ಸುತ್ತಿ ಬಂದೆ, ಕ್ಯಾಪ್ಟನ್ ಹೆಂಗ ನಿಂದರತಾನ ಅಂತ ನೋಡಾಕ. ಇಬ್ಬರೂ ತೊಯ್ದ ತಪ್ಪಡಿ. ಮನಿಗೆ ಬಂದ್ರ ಹೋಳಗಿ ವಾಸನಿ. ಯಾಕಂದೆ. "ಬಸವ ಜಯಂತಿ ಅಲ್ಲೇನಪಾ ಇವತ್ತ?" ಅಂದ್ಲು ಜಯಾ.

ಹೌದಲ್ಲ.

ಹಾಲಪ್ಪ ನಾಕ ಹೋಳಗಿ ತಿಂದ.

೧೮ ಮೇ, ಶನಿವಾರ

ನಿನ್ನೆ ನಾಟಕ ಆತು.

ಮುಂದಿನ ಸಾಲಿನ್ಯಾಗ ಜಯಾ, ಕೀರ್ತಿ. ಅಲ್ಲಿ ಎರಡ ಕುರ್ಚಿ ಅಷ್ಟ ಇದ್ವಂತ ಅಳಿಯ ಕಡೀ ಸಾಲಿನ್ಯಾಗ. "ನಾಟಕಾ ಗೀಟಕಾ ನನಗ ತಿಳಿಯಂಗಿಲ್ರಿ" ಅಂತಿದ್ದ ಅಂವಾ, ಜಯಾ ಎಳಕೊಂಡ ಬಂದಿದ್ಲು. ನನಗ ಮನ್ಯಾಗಿಂದ ಹೇಳಿಕೋತ ಬಂದಿದ್ಲು: "ಅಪ್ಪಾ, ಇವತ್ತ ನಿನ್ನ ಬಾಯಿ ಮುಚ್ಚಿರಬೇಕು. ಆಣಿ ಮಾಡು." ಮಾಡಿದ್ದೆ. ಬಾಯಾಗ ಪೆಪ್ಪರಮಿಂಟ್ ತುಂಬಿಕೊಂಡ ವಿಂಗಿನ್ಯಾಗ ನಿಂತಿದ್ದೆ.

ಎರಡನೇ ಅಂಕದ ಕೊನಿ. ಕ್ಯಾಪ್ಟನ್ ಸಾಯಬೇಕಾದ ಹೊತ್ತು. ಹಾಲಪ್ಪ ಹಗ್ಗಾ ಕೈಯಾಗ ತಗೊಂಡ, ಹೊಳಿ ಕಡೆ ನೋಡಿದ. ಮುಂಜಾನೆ ತಾಲೀಮಿನ್ಯಾಗ ಇಲ್ಲದ ಒಂದ ಸಣ್ಣ ನಗಿ ನಕ್ಕ. ಹಗ್ಗಾ ಬಿಟ್ಟ. ಉಸರ ಬಿಟ್ಟ. ಬಿದ್ದ. ಡೈರಿ, ಇಷ್ಟ ವರ್ಷದಾಗ ನಾನೂ ಹಂಗ ಸತ್ತಿಲ್ಲ. ಸಭಾ ಪೂರಾ ಉಸರ ಹಿಡಕೊಂಡಿತ್ತು. ದೀಪ ಆರಬೇಕು, ಪಡದೆ ಬೀಳಬೇಕು.

ಸಭಾದ ಕತ್ತಲ್ಯಾಗಿಂದ ಒಂದ ದನಿ ಬಂತು. ದೊಡ್ಡ ದನಿ. ಥಿಯೇಟರಿನ ಮಾಡ ಹಾರೂವಂಗ.

"ಒನ್ಸ್ ಮೋರ್!"

ದೀಪದ ಹುಡುಗ ಗಾಬರಿಯಾಗಿ ದೀಪ ಆರಿಸೂದ ಮರತ. ಉಟೆ ನನ್ನ ಪಕ್ಕದಾಗ ನಿಂತಾಕಿ ಬಿಳಚಿಕೊಂಡ್ಲು. ಹಲಗಿ ಮ್ಯಾಲ ಸತ್ತ ಹಾಲಪ್ಪ ಒಂದ ಕಣ್ಣ ತೆರದ. ನನ್ನ ಕಡೆ ನೋಡಿದ. ಏನ ಮಾಡಲಿ ಅಂತ ಕೇಳಿತು ಆ ಕಣ್ಣು. ನಾ ಎರಡೂ ಕೈ ಎತ್ತಿದೆ: ಏಳು!

ಅಷ್ಟರಾಗ ಸಣ್ಣ ದನಿ, "ನೊಖ್‌ಮಾಲ್!" ಅದು ನಮ್ಮ ಕೀರ್ತಿ. ಹಿಂದಿನ ಸಾಲಿನ ಯಾರೋ ನಕ್ರು. ಇನ್ನ್ಯಾರೋ ಚಪ್ಪಾಳೆ ಬಡದ್ರು.

ಹಾಲಪ್ಪ ಎದ್ದ. ಮೊಣಕಾಲ ಝಾಡಿಸಿಕೊಂಡ. ಟೊಪಗಿ ಸರಿ ಮಾಡಿಕೊಂಡ. ಮಹಾರಾಜನಂಗ ಸಭಾಕ್ಕ ತಲಿ ಬಗ್ಗಿಸಿ, ಹಗ್ಗಾ ಕೈಗೆ ತಗೊಂಡು, ಮೊದಲಿನಂಗ ಹೊಳಿ ಕಡೆ ನೋಡಿ, ಮತ್ತ ಸತ್ತ. ಈ ಸಲ ಎಡಗೈ ಗಾಳ್ಯಾಗ ತುಸು ಉಳೀತು, ಆಮ್ಯಾಲ ಅದೂ ಬಂತು. ನಗತಿದ್ದ ಮಂದಿ ನಗೂದ ನಡುವ ನಿಲ್ಲಿಸಿ ಬಿಟ್ರು. ನನ್ನ ಬಾಯಾಗಿನ ಪೆಪ್ಪರಮಿಂಟ್ ಉಪ್ಪ ಆಗಿತ್ತು.

ಆಮ್ಯಾಲ ಎಲ್ಲಾರೂ ಎದ್ದ ನಿಂತ್ರು. ಎದ್ದ ನಿಂತ್ರು ಡೈರಿ!

ದೀಪ ಆರಿತು. ಕೈ ಕೊಟ್ಟೆ. "ಸಿದ್ದು" ಅಂದ, "ನನ್ನ ಮತ್ತ ಕೇಳಿದ್ರು."

ಉಟೆ ಬೈಯಾಕ ಬಾಯಿ ತೆರದ್ಲು, ಬಾಯಿ ತೆರದಾಕಿ ನಗಾಕ ಹತ್ತಿದ್ಲು. ಇನ್ನ ಮ್ಯಾಲ ಒಮ್ಮೆ ಅಷ್ಟ ಸಾಯೂದು ಅಂತ ಕರಾರ ಆಗೇತಿ.

೧೯ ಮೇ

ಮೊನ್ನೆ ಥಿಯೇಟರಿನ ಹೊರಗ ಜಯಾ ನನ್ನ ತೋಳ ಹಿಡದಳು. "ಅಪ್ಪಾ! ಆಣಿ ಮಾಡಿದ್ದೆಲ್ಲೊ!" ಪಕ್ಕದಾಗ ಅಳಿಯ ತನ್ನ ಬೂಟ ನೋಡಿಕೋತ ನಿಂತಿದ್ದ. ಕಿವಿ ಕೆಂಪಗಾಗಿದ್ವು.

"ಹೌದವಾ, ತಡಕೊಳ್ಳಾಕ ಆಗಲಿಲ್ಲ" ಅಂದೆ. ನನ್ನ ಹೆಸರ ಮೊದಲ ಕೆಟ್ಟೈತಿ, ಅದರ ಮ್ಯಾಲ ಇನ್ನೊಂದ ಬಿದ್ರ ಏನಾಗತೈತಿ?

ಕಟ್ಟಡದ ಪಾವಟಗಿ ಮ್ಯಾಲ ಜಯಾ, ಕೀರ್ತಿ ಮುಂದ ಹೋದ್ರು. ಅಳಿಯ ನನ್ನ ಮೊಣಕೈ ಹಿಡದು ನಿಂದರಿಸಿದ. "ಮಾವಾರ, ಅದು ಹೆಂಗ ಬಾಯಿಂದ ಬಂತೋ ನನಗ ಗೊತ್ತಿಲ್ರಿ. ಸಣ್ಣಾಂವ ಇದ್ದಾಗ ಮುಂಡರಗಿ ಜಾತ್ರಿ ನಾಟಕಕ್ಕ ನಮ್ಮಜ್ಜ ಹೆಗಲ ಮ್ಯಾಲ ಕುಂದರಿಸಿಕೊಂಡ ಒಯ್ತಿದ್ದ. ಅಂವಾ ಕೂಗೂದು, ಮ್ಯಾಲಿಂದ ನಾ ಕೂಗೂದು. ಮರತ ಬಿಟ್ಟಿದ್ದೆ." ಆಮ್ಯಾಲ ಗಂಟಲಾ ಸರಿ ಮಾಡಿಕೊಂಡು, "ಆ ಟಿಕೀಟ ಹೊಳ್ಳಿ ಹೋದದ್ದ ಚಲೋ ಆತ್ರಿ" ಅಂದು, ದಡದಡ ಮ್ಯಾಲ ಹತ್ತಿ ಹೋದ.

ಹಂಗಾರ ಡೈರಿ, ಲೆಕ್ಕಾ ನೆಟ್ಟಗಿರಲಿ. ಪಾವಟಗಿ ಮ್ಯಾಲ ನಾ ಸತ್ತದ್ದ ಸುಳ್ಳು. ಒನ್ಸ್ ಮೋರ್ ನಾ ಕೂಗಿದ್ದಂತ ಒಪ್ಪಿಕೊಂಡದ್ದ ಸುಳ್ಳು. ವಿಮಾನದವರ ಗೊಂದಲ ಅಂತ ನಿನಗ ಬರದದ್ದೂ ಸುಳ್ಳು.

ಒಂದ ಮಾತ್ರ ನಾನ ಮಾಡಿದ್ದು. ಏಪ್ರಿಲ್ ಇಪ್ಪತ್ತೈದಕ್ಕ, ಮನ್ಯಾಗ ಯಾರೂ ಇಲ್ಲದಾಗ, ವಿಮಾನದವರ ಆಫೀಸಿಗೆ ಫೋನ್ ಹಚ್ಚಿದೆ, ಅಳಿಯನ ದನಿಯೊಳಗ. ಅಲ್ಲಿಯ ಹುಡುಗಿ ಹಿಂದಿಯೊಳಗ ಕೇಳಿದ್ಲು, ಮಾವಾರನ್ನ ಲಗೂನ ಕಳಸ್ತೀನಿ ಅಂದಿದ್ರಿ, ಈಗ ಯಾಕ ಬ್ಯಾಡ ಅಂತ. ಆ ಪ್ರಶ್ನೆಗೆ ನಾ ತಾಲೀಮ ಮಾಡಿರಲಿಲ್ಲ. ಅಂವನಂಗ ಗಂಟಲಾ ಸರಿ ಮಾಡಿಕೊಂಡು, ಅಂವನಂಗ ಮೆತ್ತಗ ಅಂದ ಬಿಟ್ಟೆ: "ಅವರು ಇದ್ರ ಮನಿ ತುಂಬಿದಂಗ ಇರತೈತ್ರಿ."